ತೊಳೆಯಬಾರದ ಮರಿಗೆ

ಷಿಕಾಗೋ,
ಆಗಸ್ಟ್ 5, 2025

ಪೂಜ್ಯ ಅತ್ತೆಯವರಿಗೆ ಶ್ರೀಲತಾ ಮಾಡುವ ನಮಸ್ಕಾರಗಳು.

ಈ ಮೊದಲ ಸಾಲಿನ ಮುಂದೆ ಬಹಳ ಹೊತ್ತು ಪೆನ್ನು ಹಿಡಿದು ಕೂತಿದ್ದೆ. ಈರೇಶನಿಗೂ ನನಗೂ ಡೈವೋರ್ಸ್ ಆಗಿ ವರ್ಷ ದಾಟಿತು. ಇನ್ನು ನಿಮ್ಮನ್ನು ಅತ್ತೆ ಅನ್ನಬಹುದೋ ಬಾರದೋ, ಇಂಥದ್ದನ್ನೆಲ್ಲ ಯಾರನ್ನು ಕೇಳುವುದು? "ಪ್ರಭಾವತಿ ಆಂಟಿ" ಎಂದು ಒಂದು ಹಾಳೆಯಲ್ಲಿ ಬರೆದು ನೋಡಿದೆ. ಕನ್ನಡ ಕೂಟದ ಪಾಟ್‌ಲಕ್ ಊಟದಲ್ಲಿ ಪರಿಚಯವಾದ ಯಾರಿಗೋ ಬರೆದಂತೆ ಕಂಡಿತು. ಹರಿದು ಹಾಕಿದೆ. ನೀವು ಬೇಡ ಅನ್ನುವವರೆಗೆ ಅತ್ತೆ ಅಂತಲೇ ಇರಲಿ.

ರೊಟ್ಟಿ ಪಂಚಮಿಗೆ ನೀವು ಕಳಿಸಿದ ಪಾರ್ಸೆಲ್ ಬಂತು. ಸಜ್ಜೆ ರೊಟ್ಟಿ, ಎಳ್ಳು ಹಚ್ಚಿದ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ. ಡೆಟ್ರಾಯಿಟ್ ಪಕ್ಕದ ನಿಮ್ಮ ಸ್ಟರ್ಲಿಂಗ್ ಹೈಟ್ಸ್‌ನಿಂದ ಇಲ್ಲಿಗೆ ಮುನ್ನೂರು ಮೈಲಿ ಬಂದರೂ ಎರಡೋ ಮೂರೋ ರೊಟ್ಟಿ ಮುರಿದಿದ್ದವು, ಅಷ್ಟೆ. ಪಂಚಮಿಯ ರೊಟ್ಟಿ ಬಳಗದವರ ಮನೆಗೆ ಮಾತ್ರ ಹೋಗುವಂಥದ್ದು ಎಂದು ಹೇಳಿಕೊಟ್ಟವರು ನೀವೇ. ಅದನ್ನು ನೆನೆದು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಫೋನ್ ಮಾಡೋಣವೆಂದರೆ ಕಳೆದ ಸಲದಂತೆ ಇಬ್ಬರೂ ಮೂಗು ಸೀಟಿಕೊಳ್ಳುತ್ತ ಕೂರುತ್ತೇವೆ, ಮಾತಾಗುವುದಿಲ್ಲ. ಕಾಗದವೇ ವಾಸಿ.

ಜೂನ್‌ನಲ್ಲಿ ಮನೆ ಬದಲಾಯಿಸಿದೆ. ಈಗ ಊರಿನ ಉತ್ತರ ಭಾಗದಲ್ಲಿ ಒಂದು ಹಳೆಯ ಮನೆಯ ಮೇಲಿನ ಮಹಡಿ. ಕೆಳಗೆ ಒಡತಿ ಡಾಗ್ನಿ ಒಬ್ಬರೇ ಇರುತ್ತಾರೆ. ವಯಸ್ಸು ಎಂಬತ್ತು ದಾಟಿದೆ, ದನಿ ಮಾತ್ರ ಪೊಲೀಸರದು. ಒಂದು ಕಾಲಕ್ಕೆ ಈ ಬೀದಿಯವರೆಲ್ಲ ಸ್ವೀಡನ್ನಿನಿಂದ ಬಂದವರೇ ಆಗಿದ್ದರಂತೆ. ಬಡಗಿಗಳು, ಗಾರೆಯವರು, ಸಿರಿವಂತರ ಮನೆಗೆಲಸಕ್ಕೆ ಬಂದ ಹುಡುಗಿಯರು. ಡಾಗ್ನಿಯ ಅಜ್ಜಿ ಶೆಷ್ಟಿನ್ ಹಾಗೇ ಬಂದವಳು. ಅಜ್ಜ ಗಾರೆಯವನು, ಊರ ತುಂಬ ಚಿಮಣಿ ಕಟ್ಟುತ್ತಿದ್ದ. ಈ ಮನೆಯ ನೆಲಮಾಳಿಗೆಯಲ್ಲಿ ಅವನು ಕಟ್ಟಿದ ಇಟ್ಟಿಗೆಯ ದೊಡ್ಡ ಒಲೆ ಇನ್ನೂ ಇದೆ, ಇನ್ನೂ ಉರಿಯುತ್ತದೆ.

ನಿಮ್ಮ ರೊಟ್ಟಿಯಲ್ಲಿ ಎರಡನ್ನು ತಟ್ಟೆಯಲ್ಲಿಟ್ಟು ಅವರಿಗೆ ಕೊಟ್ಟೆ. ಕಟಕ್ಕೆಂದು ಮುರಿದರು, ತಿನ್ನಲಿಲ್ಲ. ಇನ್ನೊಂದು ಸಲ ಮುರಿದು ಸದ್ದು ಕೇಳಿದರು. ಆಮೇಲೆ ಒಳಗೆ ಹೋಗಿ ತಮ್ಮದನ್ನು ತಂದರು. ರೈ ಎಂಬ ಧಾನ್ಯದ ಹಿಟ್ಟಿನದು. ಕಂದು ಬಣ್ಣ, ಮೈತುಂಬ ಚುಕ್ಕಿಚುಕ್ಕಿ ಕುಳಿ, ನಡುವೆ ತೂತು. ಮುರಿದರೆ ಅದೇ ಸದ್ದು. ಅವರ ಹಳ್ಳಿಯಲ್ಲಿ ವರ್ಷಕ್ಕೆ ಎರಡೇ ಸಲ ಸುಟ್ಟು, ಕೋಲಿಗೆ ಪೋಣಿಸಿ, ಜಂತೆಗೆ ತೂಗುಹಾಕುತ್ತಿದ್ದರಂತೆ. ತಿಂಗಳುಗಟ್ಟಲೆ ಕೆಡುವುದಿಲ್ಲ. ಹಿಮದ ನಾಡಿನ ಅಜ್ಜಿಯರಿಗೂ ನಿಮ್ಮ ಗುಳೇದಗುಡ್ಡದ ಅಜ್ಜಿಯರಿಗೂ ಒಂದೇ ಉಪಾಯ ಹೊಳೆದಿದೆ ನೋಡಿ.

ನಿಮ್ಮ ಮೊಣಕಾಲು ಹೇಗಿದೆ? ಮನೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಎಲ್ಲರೂ ಅಂದರೆ ನಿಮ್ಮನ್ನು ಬಿಟ್ಟರೆ ಒಬ್ಬರೇ. ಅವರೂ ಕ್ಷೇಮವಾಗಿರಲಿ.

ನಿಮ್ಮ,
ಶ್ರೀಲತಾ


ಸ್ಟರ್ಲಿಂಗ್ ಹೈಟ್ಸ್,
ಆಗಸ್ಟ್ 21, 2025

ಚಿ. ಶ್ರೀಲತಾಳಿಗೆ ಪ್ರಭಾವತಿಯ ಆಶೀರ್ವಾದಗಳು.

ಗುಳೇದಗುಡ್ಡದ ಕನ್ನಡ ಶಾಲೆಯಲ್ಲಿ ಎಷ್ಟೋ ಮಕ್ಕಳಿಗೆ ಪತ್ರಲೇಖನ ಕಲಿಸಿದ್ದೇನೆ. ಮೊದಲ ಸಾಲಿಗೇ ಅಪ್ಪಣೆ ಕೇಳಿದ ವಿದ್ಯಾರ್ಥಿನಿ ನೀನೊಬ್ಬಳು. ಆಂಟಿ ಅಂತ ಬರೆದಿದ್ದರೆ ಮುಂದಿನ ಪಂಚಮಿಗೆ ಖಾಲಿ ಡಬ್ಬ ಕಳಿಸುತ್ತಿದ್ದೆ, ತಿಳಿದಿರಲಿ.

ನಿನ್ನ ಕಾಗದವನ್ನು ಮೇಲ್‌ಬಾಕ್ಸಿನಿಂದ ತಂದುಕೊಟ್ಟವನು ಈರೇಶನೇ. ಕವರಿನ ಮೇಲಿನ ಅಕ್ಷರ ನೋಡಿ ಗುರುತು ಹಿಡಿದ. ಟೇಬಲ್ ಮೇಲಿಟ್ಟು ಗ್ಯಾರೇಜಿಗೆ ಹೋದ, ಅಲ್ಲಿ ಏನು ಕೆಲಸವಿತ್ತೋ. ಬೆಳಿಗ್ಗೆ ಆಬರ್ನ್ ಹಿಲ್ಸ್‌ನ ಆಫೀಸಿಗೆ ಹೋದರೆ ಕತ್ತಲಾದ ಮೇಲೆ ಬರುತ್ತಾನೆ. ಉಣ್ಣುವಾಗ ಲ್ಯಾಪ್‌ಟಾಪ್ ನೋಡುತ್ತಾನೆ. ರೊಟ್ಟಿಯೋ ಪಿಜ್ಜಾನೋ ಗೊತ್ತಾಗುತ್ತದೋ ಇಲ್ಲವೋ. ನಿಮ್ಮಿಬ್ಬರ ನಡುವೆ ಏನಾಯಿತೆಂದು ನಾನು ಅವನನ್ನೂ ಕೇಳಲಿಲ್ಲ, ನಿನ್ನನ್ನೂ ಕೇಳಲಿಲ್ಲ. ಈಗಲೂ ಕೇಳುವುದಿಲ್ಲ.

ನಿನ್ನ ಕಾಗದ ಓದಿ ನಿನ್ನ ಮೊದಲ ರೊಟ್ಟಿ ನೆನಪಾಯಿತು. ಮೈಸೂರಿನ ಹುಡುಗಿ, ಜೋಳದ ಹಿಟ್ಟನ್ನು ಮುಟ್ಟಿ ನೋಡಿದವಳಲ್ಲ. ಚಪಾತಿಯಂತೆ ಲಟ್ಟಿಸಲು ಹೋದೆ. ಹಿಟ್ಟು ಹರಿದು ಹಂಚಿನ ಮೇಲೆ ಕಾಲು, ಕೆಳಗೆ ಮುಕ್ಕಾಲು. "ಹಿಟ್ಟು ಸರಿ ಇಲ್ಲ ಅತ್ತೆ" ಅಂದೆ. ಕುಣಿಯಲಾರದವಳು ನೆಲ ಡೊಂಕೆಂದಳು ಎಂದು ನಾನು ಬೈದೆ. ಅಂದು ನೀನು ಬಚ್ಚಲಿಗೆ ಹೋಗಿ ಅತ್ತದ್ದು ನನಗೆ ಕೇಳಿಸಿತ್ತು. ಮಾರನೆಯ ದಿನ ಮತ್ತೆ ಬಂದು ಒಲೆಯ ಮುಂದೆ ನಿಂತೆ. ಅಂದಿನಿಂದ ನೀನು ನನಗೆ ಸೇರಿದೆ. ನಿನ್ನ ರೊಟ್ಟಿ ಮೊದಲ ಸಲ ಪೂರ್ತಿ ಉಬ್ಬಿದಾಗ ಇಬ್ಬರೂ ಸಣ್ಣ ಹುಡುಗಿಯರಂತೆ ಚಪ್ಪಾಳೆ ತಟ್ಟಿದ್ದೆವಲ್ಲ. ಈಗ ಈ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಒಂದೇ ಕೈಯದು. ಬೇಸರವಾಗುತ್ತದೆ.

ಆ ಡಾಗ್ನಿಯ ರೊಟ್ಟಿ ಯಾಕೆ ತೂತು, ಯಾಕೆ ಕುಳಿ, ಉಬ್ಬುತ್ತದೋ ಇಲ್ಲವೋ, ಎಲ್ಲ ಕೇಳಿ ಬರೆ. ಬರೀ ಕೇಳಬೇಡ, ಕಲಿ. ನಿನ್ನ ಕೈ ಒಳ್ಳೆಯದು. ಹೊಗಳುತ್ತಿಲ್ಲ, ಕಲಿಸಿದವಳು ನಾನಲ್ಲವೇ.

ಇಂತಿ ನಿನ್ನ ಅತ್ತೆ,
ಪ್ರಭಾವತಿ


ಷಿಕಾಗೋ,
ಸೆಪ್ಟೆಂಬರ್ 22, 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ನಿಮ್ಮ ಪ್ರಶ್ನೆಗಳಿಗೆಲ್ಲ ಉತ್ತರ ಸಿಕ್ಕಿತು, ಜೊತೆಗೆ ಬೈಗುಳವೂ ಸಿಕ್ಕಿತು. ನಿಮಗಿಂತ ಸ್ವಲ್ಪ ಕಡಿಮೆ.

ಡಾಗ್ನಿಯ ಎರಡೂ ಮಣಿಕಟ್ಟು ಊದಿಕೊಂಡಿವೆ, ಹಿಟ್ಟು ನಾದಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಇವರ ಚರ್ಚಿನಲ್ಲಿ ಒಂದು ಹಬ್ಬದೂಟ. ಮಕ್ಕಳು ಮೇಣದಬತ್ತಿ ಹಿಡಿದು ಹಾಡುತ್ತ ಬರುತ್ತಾರಂತೆ. ಆ ಊಟದ ರೊಟ್ಟಿ ಶೆಷ್ಟಿನಜ್ಜಿಯ ಕಾಲದಿಂದ ಈ ಮನೆಯಿಂದಲೇ ಹೋಗಬೇಕು. ಕಳೆದ ವರ್ಷ ಕೈಲಾಗದೆ ಅಂಗಡಿಯಿಂದ ತರಿಸಿದರಂತೆ. ಅದನ್ನು ಹೇಳುವಾಗ ನನ್ನ ಮುಖ ನೋಡಲಿಲ್ಲ. ಮಗಳು ಅರಿಜೋನಾದಲ್ಲಿದ್ದಾಳೆ, ಅವಳಿಗೆ ಇದರಲ್ಲಿ ಆಸಕ್ತಿಯಿಲ್ಲ. "ಈ ವರ್ಷ ನಾನು ಮಾಡುತ್ತೇನೆ, ನೀವು ಕಲಿಸಿ" ಅಂದೆ. ನನ್ನ ಅಂಗೈ ಹಿಡಿದು, ತಿರುಗಿಸಿ ನೋಡಿ, "ಈ ಕೈಗೆ ಮೊದಲೇ ಯಾರೋ ಏನೋ ಕಲಿಸಿದ್ದಾರೆ" ಅಂದರು. ನಿಮ್ಮ ಬಗ್ಗೆ ಹೇಳಿದೆ.

ಹಿಂದಿನ ಸಂಜೆ ಹಿಟ್ಟು ಕಲಸಿಡಬೇಕು. ಅದಕ್ಕೊಂದು ಮರದ ಮರಿಗೆ ಇದೆ, ಪುಟ್ಟ ದೋಣಿಯಂಥದ್ದು. ಚಳಿಗಾಲದಲ್ಲಿ ಗಾರೆ ಹೆಪ್ಪುಗಟ್ಟಿ ಅಜ್ಜನಿಗೆ ಕೆಲಸವಿಲ್ಲದಾಗ ಒಂದೇ ಮರದ ತುಂಡನ್ನು ಕೊರೆದು ಮಾಡಿದ್ದು. ರೈ ಹಿಟ್ಟು, ನೀರು ಕಲಸಿ ಅದರಲ್ಲಿ ಮುಚ್ಚಿಟ್ಟರೆ ಬೆಳಿಗ್ಗೆ ತಾನಾಗಿಯೇ ಹುಳಿ ಬಂದಿರುತ್ತದೆ. ಮರಿಗೆಯ ಒಳಗೆಲ್ಲ ಹಳೆಯ ಹಿಟ್ಟು ಬೂದಿಬಣ್ಣಕ್ಕೆ ಒಣಗಿ ಅಂಟಿದೆ. ಅದನ್ನು ಯಾರೂ ತೊಳೆದ ಹಾಗೆ ಕಾಣಲಿಲ್ಲ. ನೀವು ನೋಡಿದ್ದರೆ ಮೂಗು ಮುರಿಯುತ್ತಿದ್ದಿರಿ.

ಬೆಳಿಗ್ಗೆ ನಾನು ಹಿಟ್ಟಿನ ಉಂಡೆ ತೆಗೆದುಕೊಂಡು, ಲಟ್ಟಣಿಗೆ ಯಾಕೆಂದು ಕೈಯಲ್ಲೇ ಬಡಿದು, ತೆಳ್ಳಗೆ ಮಾಡಿ ಒಲೆಗೆ ಹಾಕಿದೆ. ಎರಡೇ ನಿಮಿಷಕ್ಕೆ ಪೂರಿಯಂತೆ ಉಬ್ಬಿತು. ನಾನು ಹೆಮ್ಮೆಯಿಂದ ಡಾಗ್ನಿಯನ್ನು ನೋಡಿದರೆ ಅವರು ತಲೆ ಮೇಲೆ ಕೈಹೊತ್ತು ನಿಂತಿದ್ದಾರೆ. ಇದು ಉಬ್ಬಲೇಬಾರದಂತೆ. ಉಬ್ಬಿದರೆ ಒಳಗೆ ಹಸಿ ಉಳಿದು ಬೂಷ್ಟು ಹಿಡಿಯುತ್ತದೆ. ಅದಕ್ಕೇ ಮೈತುಂಬ ಮೊಳೆಯಂಥ ಮುಳ್ಳಿರುವ ಲಟ್ಟಣಿಗೆ. ಅಜ್ಜಿ ಹಡಗಿನಲ್ಲಿ ಬರುವಾಗ ಪೆಟ್ಟಿಗೆಯಲ್ಲಿ ತಂದದ್ದು. ಅದನ್ನು ಉರುಳಿಸಿದರೆ ಕುಳಿ ಬಿದ್ದು ಗಾಳಿ ನಿಲ್ಲುವುದಿಲ್ಲ. ತೂತು ಕೋಲಿಗೆ ಪೋಣಿಸುವುದಕ್ಕೆ.

ನೀವು ವರ್ಷಗಟ್ಟಲೆ ಬೈದು ಉಬ್ಬಿಸಲು ಕಲಿಸಿದಿರಿ. ಇವರು ಈಗ ಉಬ್ಬಿಸದಿರಲು ಕಲಿಸುತ್ತಿದ್ದಾರೆ. ಕೈಗೆ ಗೊಂದಲ. ಮನಸ್ಸಿಗೆ ಮಾತ್ರ ಬಹಳ ದಿನದ ಮೇಲೆ ಹಿತವಾಗಿದೆ. ಬಗ್ಗಿ ನಾದುವಾಗ ಹಿಂದೆ ಯಾರೋ ನಿಂತು "ಹಾಗಲ್ಲ, ಹೀಗೆ" ಅನ್ನುವುದು ನನಗೆ ಬೇಕಾಗಿತ್ತು ಅಂತ ಕಾಣುತ್ತದೆ.

ನಿಮ್ಮ,
ಶ್ರೀಲತಾ


ಸ್ಟರ್ಲಿಂಗ್ ಹೈಟ್ಸ್,
ಅಕ್ಟೋಬರ್ 6, 2025

ಚಿ. ಶ್ರೀಲತಾಳಿಗೆ ಆಶೀರ್ವಾದಗಳು.

ಉಬ್ಬಬಾರದ ರೊಟ್ಟಿಯ ಕಥೆ ಓದಿ ಒಬ್ಬಳೇ ನಕ್ಕೆ. ಆದರೆ ಆ ಮರಿಗೆಯ ಸಂಗತಿ ಓದಿ ನನಗೆ ಊಟ ಸೇರಲಿಲ್ಲ. ಆ ಮುದುಕಿಗೆ ಕೈಲಾಗುವುದಿಲ್ಲ ಸರಿ, ನಿನಗೇನಾಗಿದೆ? ದಿನಾ ಆಸ್ಪತ್ರೆಯ ಲ್ಯಾಬಿನಲ್ಲಿ ಕ್ರಿಮಿ ಪರೀಕ್ಷೆ ಮಾಡುವವಳು. ಮುಸುರೆ ಪಾತ್ರೆ ಇಟ್ಟುಕೊಂಡು ಮಲಗಿದರೆ ಮನೆಗೆ ಒಳ್ಳೆಯದಲ್ಲ ಎಂದು ನಿನಗೆ ಎಷ್ಟು ಸಲ ಹೇಳಿಲ್ಲ. ದೀಪಾವಳಿ ಬಂತು. ನೀರು ತುಂಬುವ ಹಬ್ಬಕ್ಕೆ ಮನೆಯ ಪಾತ್ರೆಯೆಲ್ಲ ಬೆಳಗುತ್ತೀಯಲ್ಲ, ಅದನ್ನೂ ಬಿಸಿನೀರಲ್ಲಿ ತಿಕ್ಕಿ ತೊಳೆದಿಡು. ಪುಣ್ಯ ಬರುತ್ತದೆ.

ಇನ್ನೊಂದು ಸುದ್ದಿ. ಬೇರೆಯವರಿಂದ ನಿನಗೆ ಗೊತ್ತಾಗುವುದು ಬೇಡವೆಂದು ನಾನೇ ಬರೆಯುತ್ತೇನೆ. ಈರೇಶನಿಗೆ ಒಂದು ಸಂಬಂಧ ಕೂಡಿಬಂದಿದೆ. ಧಾರವಾಡದ ಹುಡುಗಿ ಮಾನಸ, ಒಹಾಯೋದಲ್ಲಿ ಡಾಕ್ಟರ್. ಅವಳಿಗೂ ಎರಡನೆಯದು. ಬೇಸಿಗೆಯಲ್ಲಿ ಇಲ್ಲಿಯ ದೇವಸ್ಥಾನದಲ್ಲಿ ಮಾಡೋಣವೆಂದು ಮಾತು. ಒಳ್ಳೆಯವಳಂತೆ ಕಾಣುತ್ತಾಳೆ. ನಾನು ಬೇಡವೆನ್ನಲು ಕಾರಣವಿಲ್ಲ.

ಮೊನ್ನೆ ಈರೇಶ ಊಟದ ನಡುವೆ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೇಳಿದ: "ಅವ್ವಾ, ಇನ್ನ ಆ ಪತ್ರ ಗಿತ್ರ ಎಲ್ಲಾ ಸಾಕು ಮಾಡು. ನಾಳೆ ಮಾನಸ ಈ ಮನಿಗಿ ಬರಾಕಿ. ಆಕಿಗೆ ಹೆಂಗ ಅನಸ್ತೈತಿ, ವಿಚಾರ ಮಾಡು." ನಾನು ಸುಮ್ಮನೆ ಅವನ ತಟ್ಟೆಗೆ ಪಲ್ಯ ಬಡಿಸಿದೆ. ಅವನು ಹೇಳಿದ್ದರಲ್ಲಿ ತಪ್ಪೇನೂ ಕಾಣಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಇಂತಿ,
ಪ್ರಭಾವತಿ


ಷಿಕಾಗೋ,
ಅಕ್ಟೋಬರ್ 26, 2025

ಪೂಜ್ಯ ಅತ್ತೆಯವರಿಗೆ ನಮಸ್ಕಾರಗಳು.

ಮೊದಲು, ಈರೇಶನಿಗೆ ಒಳ್ಳೆಯದಾಗಲಿ. ಬಾಯಿಮಾತಿಗೆ ಬರೆಯುತ್ತಿಲ್ಲ. ಓದಿದ ದಿನ ಎದೆ ಭಾರವಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಆ ಭಾರ ಅವರಿಗಾಗಿ ಅಲ್ಲ. ಇನ್ನೊಬ್ಬಳು ನಿಮ್ಮ ಪಕ್ಕ ನಿಂತು ಹಿಟ್ಟು ನಾದುತ್ತಾಳೆ ಅನ್ನುವುದಕ್ಕೆ.

ಎರಡನೆಯದನ್ನು ಹೇಗೆ ಬರೆಯಲಿ ತಿಳಿಯುತ್ತಿಲ್ಲ. ನೀರು ತುಂಬುವ ಹಬ್ಬದ ದಿನ ನನ್ನ ಪಾತ್ರೆಯೆಲ್ಲ ಬೆಳಗಿ ಮುಗಿಸಿದೆ. ಡಾಗ್ನಿ ಡಾಕ್ಟರ ಹತ್ತಿರ ಹೋಗಿದ್ದರು. ಬರುವಷ್ಟರಲ್ಲಿ ಖುಷಿಯಾಗಲಿ ಎಂದು ಮೆಟ್ಟಿಲ ಕೆಳಗಿನಿಂದ ಆ ಮರಿಗೆ ತೆಗೆದೆ. ಕುದಿಯುವ ನೀರು ಹುಯ್ದು, ಸೋಪು ಹಾಕಿ, ತಂತಿ ಬ್ರಷ್‌ನಲ್ಲಿ ತಿಕ್ಕಿ, ಮೂಲೆಯ ಹಿಟ್ಟನ್ನೆಲ್ಲ ಚಾಕುವಿನಿಂದ ಕೆರೆದು, ಬಿಸಿಲಿಗೆ ಒಣಗಿಸಿದೆ. ಮರ ಹೊಸದರಂತೆ ಹೊಳೆಯುತ್ತಿತ್ತು. ಅರಿಶಿನ ಕುಂಕುಮ ಹಚ್ಚಲು ಕೂಡ ಹೊರಟಿದ್ದೆ.

ಡಾಗ್ನಿ ಬಂದು ನೋಡಿ ಕುರ್ಚಿಯ ಮೇಲೆ ಕೂತುಬಿಟ್ಟರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಹಿಟ್ಟನ್ನು ಹುಳಿ ಮಾಡುತ್ತಿದ್ದದ್ದೇ ಆ ಅಂಟಿದ ಹಳೆಯ ಹಿಟ್ಟು. ಶೆಷ್ಟಿನಜ್ಜಿ ತನ್ನ ತಾಯಿಯ ಮರಿಗೆಯ ಹಿಟ್ಟನ್ನು ಒಣಗಿಸಿ, ಪುಡಿ ಮಾಡಿ, ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡು ಹಡಗು ಹತ್ತಿದ್ದಳಂತೆ. ಇಲ್ಲಿ ಅದನ್ನು ಮತ್ತೆ ನೆನೆಸಿ ಈ ಮರಿಗೆಗೆ ಹಾಕಿದಳು. ಅಂದಿನಿಂದ ಒಮ್ಮೆಯೂ ತೊಳೆದಿರಲಿಲ್ಲ. ತೊಳೆಯಬಾರದೆಂದು ಡಾಗ್ನಿ ನನಗೆ ಹೇಳಿರಲಿಲ್ಲ. ಯಾರಾದರೂ ತೊಳೆಯುತ್ತಾರೆಂದು ಅವರಿಗೆ ತೋಚಿದ್ದರೆ ತಾನೇ ಹೇಳುವುದು?

ಮೊಸರಿನ ಹೆಪ್ಪು ಇದ್ದಂತೆ ಅತ್ತೆ, ಅದೇ ಮುಗಿದರೆ ಮುಂದಿನದಿಲ್ಲ. ಲ್ಯಾಬಿನಲ್ಲಿ ದಿನಾ ಬ್ಯಾಕ್ಟೀರಿಯಾ ಬೆಳೆಸುವವಳು ನಾನು. ನನಗೇ ಹೊಳೆಯಲಿಲ್ಲ. ಮರದ ಸಂದಿಯಿಂದ ಕೆರೆದು ತೆಗೆದು, ಹಿಟ್ಟು ಕಲಸಿ, ದಿನಗಟ್ಟಲೆ ಕಾದೆ. ಸೋಪಿನ ವಾಸನೆ ಬಿಟ್ಟರೆ ಏನೂ ಬರಲಿಲ್ಲ. ಅಂಗಡಿಯ ಈಸ್ಟ್ ತರುತ್ತೇನೆ ಅಂದೆ. "ಅದು ಬ್ರೆಡ್ ಆಗುತ್ತದೆ, ಅಜ್ಜಿಯದಾಗುವುದಿಲ್ಲ" ಅಂದರು. ಹಬ್ಬದೂಟಕ್ಕೆ ಈ ಸಲವೂ ಅಂಗಡಿಯದೇ ಎಂದು ಚರ್ಚಿಗೆ ಫೋನ್ ಮಾಡಿ ಹೇಳಿದರು. ನಾನು ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡೆ.

ನಿಮ್ಮ,
ಶ್ರೀಲತಾ


ಷಿಕಾಗೋ,
ನವೆಂಬರ್ 10, 2025

ಪೂಜ್ಯ ಅತ್ತೆಯವರಿಗೆ,

ನಿಮ್ಮಿಂದ ಉತ್ತರ ಬಂದಿಲ್ಲ. ಯಾಕೆಂದು ಊಹಿಸಬಲ್ಲೆ. ಈರೇಶ ಹೇಳಿದ್ದು ನ್ಯಾಯವೇ. ಅವರ ಜಾಗದಲ್ಲಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆನೇನೋ. ಮರಿಗೆ ತೊಳೆಯಲು ಬರೆದೆನಲ್ಲ ಎಂದು ನೀವು ಕೊರಗುತ್ತಿದ್ದರೆ ದಯವಿಟ್ಟು ಬಿಡಿ. ತಿಕ್ಕಿದ ಕೈ ನನ್ನದು.

ಒಂದು ವಿಷಯ ಮಾತ್ರ ಹೇಳಿ ಮುಗಿಸುತ್ತೇನೆ. ನಿನ್ನೆ ಡಾಗ್ನಿ ತಾವಾಗಿಯೇ ಹೇಳಿದರು: ಅವರ ಚಿಕ್ಕಮ್ಮ ಮದುವೆಯಾಗಿ ಡೆಟ್ರಾಯಿಟ್‌ಗೆ ಹೊರಟಾಗ ಶೆಷ್ಟಿನಜ್ಜಿ ಆಕೆಗೂ ಹೆಪ್ಪಿನ ಒಂದು ಗಂಟು ಕಟ್ಟಿಕೊಟ್ಟಿದ್ದಳಂತೆ. ಚಿಕ್ಕಮ್ಮನ ಮಗ ವಾಲ್ಟರ್ ಲುಂಡಿನ್ ಇನ್ನೂ ಇದ್ದಾನೆ, ಇರುವುದು ನಿಮ್ಮ ಸ್ಟರ್ಲಿಂಗ್ ಹೈಟ್ಸ್‌ನಲ್ಲೇ. "ಹಾಗಾದರೆ ಫೋನ್ ಮಾಡಿ" ಅಂದೆ. ಡಾಗ್ನಿ ಮುಖ ತಿರುಗಿಸಿದರು. ಚಿಕ್ಕಮ್ಮ ತೀರಿಕೊಂಡ ದಿನ ಇಬ್ಬರಿಗೂ ಏನೋ ಮಾತಾಗಿ, ಅಂದಿನಿಂದ ಒಂದು ಕ್ರಿಸ್‌ಮಸ್ ಕಾರ್ಡೂ ಇಲ್ಲ. ಏನು ಮಾತೆಂದು ಹೇಳಲಿಲ್ಲ.

ನೀವು ಏನೂ ಮಾಡಬೇಕೆಂದು ಬರೆಯುತ್ತಿಲ್ಲ. ಮಾಡಬಾರದು. ನಿಮ್ಮ ಮನೆಯಲ್ಲಿ ನನ್ನಿಂದಾಗಿ ಇನ್ನೊಂದು ಮಾತು ಬೇಡ. ಇದನ್ನು ಕೊನೆಯ ಕಾಗದ ಅಂದುಕೊಳ್ಳಿ. ನೀವು ಕಲಿಸಿದ್ದೆಲ್ಲ ನನ್ನ ಕೈಯಲ್ಲಿದೆ. ನಿಮ್ಮ ಕೈಯನ್ನು ಒಮ್ಮೆ ಹಿಡಿಯಬೇಕು ಅನ್ನಿಸುತ್ತದೆ, ಅಷ್ಟೇ.

ಶ್ರೀಲತಾ


ಸ್ಟರ್ಲಿಂಗ್ ಹೈಟ್ಸ್,
ನವೆಂಬರ್ 23, 2025

ಚಿ. ಶ್ರೀಲತಾಳಿಗೆ ಆಶೀರ್ವಾದಗಳು.

ಕೊನೆಯ ಕಾಗದ ಯಾವುದೆಂದು ಹೇಳುವವಳು ನಾನು. ಹಿರಿಯಳು ನಾನಿನ್ನೂ ಇದ್ದೇನೆ.

ಉತ್ತರ ಬರೆಯಲಿಲ್ಲ, ನಿಜ. ಈರೇಶನ ಮಾತಿಗೆ ಹೆದರಿ ಅಲ್ಲ. ಆ ಮರಿಗೆಯ ಸುದ್ದಿ ಓದಿ ನನಗೆ ನಾಚಿಕೆಯಾಯಿತು. ಕಾಣದ ಊರಿನ ಮುದುಕಿಯ ಮನೆಯ ಪಾತ್ರೆಗೆ ಇಲ್ಲಿ ಕೂತು ಮುಸುರೆಯ ಶಾಸ್ತ್ರ ಹೇಳಲು ನಾನ್ಯಾರು? ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಏನು ಬರೆದರೂ ಸಾಲದು ಅನ್ನಿಸಿ ಪೆನ್ನು ಮುಚ್ಚಿಟ್ಟಿದ್ದೆ. ಆಗ ನಿನ್ನ ಈ ಕಾಗದ ಬಂತು.

ನಮ್ಮ ಬಡಾವಣೆಯಲ್ಲೇ ಇರುವ ವಿನಿತಾ ನಿನಗೆ ಗೊತ್ತಲ್ಲ, ಅವಳಿಗೆ ಹೇಳಿದೆ. ಫೋನಿನಲ್ಲಿ ಆ ವಾಲ್ಟರನ ವಿಳಾಸ ಹುಡುಕಿದಳು. ಇಲ್ಲಿಂದ ಎರಡು ಮೈಲಿ ಕೂಡ ಇಲ್ಲ, ಇಷ್ಟು ವರ್ಷ ಆ ರಸ್ತೆಯಲ್ಲೇ ತರಕಾರಿಗೆ ಹೋಗಿ ಬಂದಿದ್ದೇನೆ. ನಾನು ಒಂದು ಸ್ಟೀಲ್ ಬಟ್ಟಲು ಹಿಡಿದು ಕಾರು ಹತ್ತಿದೆ. "ಆಂಟಿ, ಮೊದ್ಲು ಕಾಲ್ ಮಾಡಿ ಹೋಗೋಣ್ವಾ, ಇಲ್ಲಿ ಹಂಗೆಲ್ಲ ಸುಮ್ನೆ ಹೋಗಲ್ಲ" ಅಂದಳು ವಿನಿತಾ. "ಹೆಪ್ಪು ಕೇಳಾಕ ಯಾರರ ಫೋನ್ ಮಾಡ್ತಾರೇನು, ಲಗೂನ ನಡಿ, ಹೊತ್ತು ಮುಳುಗಿದ ಮ್ಯಾಲೆ ಕೇಳಬಾರದು" ಅಂದೆ. ನವೆಂಬರ್, ಐದಕ್ಕೇ ಕತ್ತಲು. ನಮ್ಮೂರಲ್ಲಿ ಮಾತು ಬಿಟ್ಟ ಮನೆಯವರೂ ಹೆಪ್ಪು ಕೇಳಿದರೆ ಇಲ್ಲವೆನ್ನುತ್ತಿರಲಿಲ್ಲ. ಇಲ್ಲಿಯ ರೀತಿ ಹೇಗೋ ಎಂದು ಒಳಗೊಳಗೇ ಅಳುಕು.

ಬಾಗಿಲು ತೆರೆದವನು ಎತ್ತರದ ಮುದುಕ. ಸೀರೆ, ಮೇಲೆ ಚಳಿಯ ಕೋಟು, ಕೈಯಲ್ಲಿ ಬಟ್ಟಲು. ನನ್ನನ್ನು ನೋಡಿ ಯಾವುದೋ ದೇವರಿಗೆ ವಂತಿಗೆ ಕೇಳಲು ಬಂದವಳು ಅಂದುಕೊಂಡಿರಬೇಕು. ವಿನಿತಾ ಡಾಗ್ನಿಯ ಹೆಸರು ಹೇಳಿದಳು. ಅವನು "ಇನ್ನೂ ಇದ್ದಾಳೆಯೇ" ಎಂದು ಕೇಳಿ ಬಾಗಿಲಿನಿಂದ ಸರಿದು ನಿಂತ.

ಅವನ ತಂದೆ ಸ್ವೀಡನ್ನಿನಲ್ಲಿ ಉಕ್ಕಿನ ಉಪಕರಣ ಮಾಡುವ ಕೆಲಸ ಕಲಿತು ಡೆಟ್ರಾಯಿಟ್‌ಗೆ ಬಂದವನು. ಕಾರಿನ ಬಾಗಿಲು ಒತ್ತುವ ಅಚ್ಚುಗಳನ್ನು ಅರ ಹಾಕಿ ನುಣುಪು ಮಾಡುತ್ತಿದ್ದನಂತೆ. ಮಗನಿಗೂ ಅದನ್ನೇ ಕಲಿಸಿದ. ತಾಯಿ ರೊಟ್ಟಿ ಕಲಿಸಿದಳು. ಈಗಲೂ ಲಟ್ಟಿಸಿದ ಹಿಟ್ಟಿನ ಮೇಲೆ ಕಣ್ಣು ಮುಚ್ಚಿ ಬೆರಳಾಡಿಸಿ ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ಹೇಳುತ್ತಾನೆ. ಅಪ್ಪನ ವಿದ್ಯೆ, ಅಮ್ಮನ ವಿದ್ಯೆ ಒಂದೇ ಬೆರಳಲ್ಲಿವೆ. ನಾನು ಅವನ ರೊಟ್ಟಿಯನ್ನೂ ತಿಂದೆ. ಖಾರವಿಲ್ಲ, ಅದೊಂದು ಕೊರತೆ.

ಮರಿಗೆ ತೊಳೆದ ಕಥೆಯನ್ನು ವಿನಿತಾ ಹೇಳಿದಾಗ ಅವನು ನಗಲಿಲ್ಲ, ಸಿಟ್ಟೂ ಆಗಲಿಲ್ಲ. ತೀರಿಕೊಂಡ ಅವನ ಹೆಂಡತಿ ಇಟಲಿಯವರ ಮನೆಯವಳಂತೆ. ಅವಳೂ ತೊಳೆಯಲು ಹೋಗುತ್ತಿದ್ದಳೆಂದು ಮರಿಗೆಯನ್ನು ಗ್ಯಾರೇಜಿನಲ್ಲಿ ಬೀಗ ಹಾಕಿ ಇಡುತ್ತಿದ್ದನಂತೆ. ಆಮೇಲೆ ಕೇಳಿದ: "ತೊಳೆದ ಆ ಹುಡುಗಿ ನಿಮಗೆ ಏನಾಗಬೇಕು?"

ವಿನಿತಾ ನನ್ನ ಕಡೆ ತಿರುಗಿ ಮೆಲ್ಲಗೆ "ಏನಂತ ಹೇಳ್ಲಿ ಆಂಟಿ" ಅಂದಳು. ಹಳೆಯ ಸೊಸೆ ಅನ್ನಲು ಇಂಗ್ಲಿಷಿನಲ್ಲಿ ಇರುವ ಎಕ್ಸ್ ಎಂಬ ಮಾತು ನನಗೆ ಗೊತ್ತು. ನಿಮ್ಮ ಕೇಸು ನಡೆಯುವಾಗ ಬೇಕಾದಷ್ಟು ಸಲ ಕೇಳಿದ್ದೇನೆ. ಅದು ಬಾಯಿಗೆ ಬರಲಿಲ್ಲ. "ಡಾಟರ್, ಮೈ ಡಾಟರ್" ಅಂದೆ. ಹೇಳಿದ ಮೇಲೆ ನನಗೆ ಕಣ್ಣು ತುಂಬಿತು, ಆ ಮುದುಕನೆದುರು ಸೆರಗು ಹಿಡಿದು ಕೂತೆ. ಅವನು ಎದ್ದು ಒಳಗೆ ಹೋದ.

ಬಟ್ಟಲು ತುಂಬ ಹಿಟ್ಟು ತಂದುಕೊಟ್ಟ. ಎರಡು ದಿನಕ್ಕೊಮ್ಮೆ ರೈ ಹಿಟ್ಟು, ಬೆಚ್ಚನೆಯ ನೀರು ಹಾಕಬೇಕು. ಈಗ ಅದು ನಮ್ಮ ಅಡುಗೆಮನೆಯಲ್ಲಿದೆ. ಈರೇಶ "ಏನವ್ವಾ ಇದು ವಾಸನಿ" ಅಂದ. "ಹೆಪ್ಪು" ಅಂದೆ. ಚರ್ಚಿನವರಿಗೆ ಅಂಗಡಿಯ ರೊಟ್ಟಿ ಬೇಡವೆಂದು ಹೇಳಲು ಡಾಗ್ನಿಗೆ ತಿಳಿಸು. ಡಿಸೆಂಬರ್ ಮೊದಲ ವಾರ ಹೆಪ್ಪು ನಿನ್ನ ಕೈ ಸೇರುತ್ತದೆ.

ನಿನ್ನ,
ಪ್ರಭಾವತಿ


ಸ್ಟರ್ಲಿಂಗ್ ಹೈಟ್ಸ್,
ಡಿಸೆಂಬರ್ 5, 2025

ಚಿ. ಈರೇಶನಿಗೆ ಅವ್ವನ ಆಶೀರ್ವಾದಗಳು.

ನೀನು ಆಫೀಸಿಗೆ ಹೋದ ಮೇಲೆ ಇದನ್ನು ಬರೆದು ಫ್ರಿಜ್ಜಿಗೆ ಅಂಟಿಸುತ್ತಿದ್ದೇನೆ. ಎದುರಿಗೆ ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ, ನಾನು ಮತ್ತೆ ಸುಮ್ಮನೆ ಪಲ್ಯ ಬಡಿಸುತ್ತಿದ್ದೆ.

ವಿನಿತಾ ನನ್ನನ್ನು ಟ್ರಾಯ್ ಸ್ಟೇಷನ್ನಿಗೆ ಬಿಡುತ್ತಾಳೆ. ಷಿಕಾಗೋ ರೈಲಿಗೆ ಹೋಗುತ್ತಿದ್ದೇನೆ, ಶ್ರೀಲತಾಳ ಹತ್ತಿರ. ಅವಳಿಗೆ ಹೆಪ್ಪು ಕೊಡಬೇಕು. ಪೋಸ್ಟಿನಲ್ಲಿ ಕಳಿಸಿದರಾಯಿತಲ್ಲ ಅಂತ ವಿನಿತಾ ಕೂಡ ಅಂದಳು. ಹೆಪ್ಪೇನೋ ಪೋಸ್ಟಿನಲ್ಲಿ ಹೋದೀತು, ನಾನು ಹೋಗಲು ಬರುವುದಿಲ್ಲವಲ್ಲ. ನನಗೆ ಅವಳನ್ನು ನೋಡಬೇಕಾಗಿದೆ. ನಾಳೆ ಅವಳು, ಅವಳ ಮನೆಯೊಡತಿ, ನಾನು, ಮೂವರೂ ಕೂಡಿ ರೊಟ್ಟಿ ಸುಡುತ್ತೇವೆ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ನಿನಗೆ ಒಂಟಿತನ ಸಾಕಾಗಿದೆ, ನನ್ನ ಕಣ್ಣಿಗೂ ಕಾಣುತ್ತದೆ. ಮಾನಸಳಿಗೆ ಹೇಗನ್ನಿಸುತ್ತದೆ ಎಂದು ಕೇಳಿದ್ದೆಯಲ್ಲ. ಅವಳನ್ನೇ ಕೇಳೋಣವೆಂದು ನಿನ್ನೆ ಫೋನ್ ಮಾಡಿದೆ. "ಷಿಕಾಗೋದಾಗ ನನಗೊಬ್ಬಾಕಿ ಮಗಳದಾಳ. ಮೊದಲು ಈ ಮನಿ ಸೊಸಿ ಆಗಿದ್ಲು. ಹೋಗಿ ಬರ್ತೀನಿ, ಇನ್ನ ಮುಂದೂ ಹೋಗ್ತಿರ್ತೀನಿ. ನಿನಗ ಗೊತ್ತಿರಲಿ" ಅಂದೆ. "ಥಂಡಿ ಭಾಳ ಐತ್ರಿ, ಸ್ವೆಟರ್ ಹಾಕ್ಕೊಂಡು ಹೋಗ್ರಿ" ಅಂದಳು. ಅವಳಿಗೆ ಒಳ್ಳೆಯ ಅತ್ತೆಯಾಗುತ್ತೇನೆ. ಅದರ ಬಗ್ಗೆ ಚಿಂತೆ ಮಾಡಬೇಡ.

ಕೋರ್ಟಿನಿಂದ ಬಂದ ಕಾಗದವನ್ನು ನೀನು ಅಂದು ಈ ಟೇಬಲ್ಲಿನ ಹತ್ತಿರವೇ ನಿಂತು ನನಗೆ ಓದಿ ಹೇಳಿದ್ದೆ. ಅದರಲ್ಲಿ ನಿನ್ನ ಹೆಸರಿತ್ತು, ಅವಳ ಹೆಸರಿತ್ತು. ನನ್ನ ಹೆಸರು ಎಲ್ಲಿಯೂ ಇರಲಿಲ್ಲ. ನೀವಿಬ್ಬರೂ ಬಿಟ್ಟಿರಿ, ಅದು ನಿಮ್ಮದು. ನಾನು ಅವಳನ್ನು ಬಿಟ್ಟಿಲ್ಲ.

ಸಾರು ಫ್ರಿಜ್ಜಿನಲ್ಲಿದೆ, ಬಿಸಿ ಮಾಡಿಕೋ. ಭಾನುವಾರದ ರೈಲಿಗೆ ಮರಳುತ್ತೇನೆ. ಸ್ಟೇಷನ್ನಿಗೆ ಬಾ ಎಂದು ವಿನಿತಾಗೆ ಹೇಳಿಲ್ಲ. ನೀನೇ ಬರಬೇಕು.

ನಿನ್ನ ಅವ್ವ